ಜೆಇಇಗೆ ಒಂದು ವರ್ಷ ಉಂಟು, ಮನಸ್ಸಿಗೆ ಒಂದು ಸೆಮಿಸ್ಟರ್ ಇಲ್ಲ

ಪಿಯುಸಿ ಮುಗಿಸಿದ ಮಗನಿಗೆ ಜೆಇಇಯಲ್ಲಿ ಒಳ್ಳೆಯ ರ್‍ಯಾಂಕ್ ಬರಲಿಲ್ಲವೆಂದರೆ ಮನೆಯಲ್ಲಿ ಹೆಚ್ಚು ಚರ್ಚೆ ನಡೆಯುವುದಿಲ್ಲ. ಒಂದು ವರ್ಷ ‘ಡ್ರಾಪ್’ ತೆಗೆದುಕೊಳ್ಳುತ್ತಾನೆ. ಕೋಟಾಕ್ಕೋ ಹೈದರಾಬಾದಿಗೋ ಕಳಿಸಿ ಲಕ್ಷಗಟ್ಟಲೆ ಫೀಸು ಕಟ್ಟುತ್ತಾರೆ. ನೆಂಟರು ಕೇಳಿದರೆ ತಲೆಯೆತ್ತಿಕೊಂಡೇ ಹೇಳುತ್ತಾರೆ. ಅದೇ ಹುಡುಗ ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿ ನಿದ್ದೆ ಬಿಟ್ಟು, ಮೆಸ್ಸಿಗೆ ಹೋಗುವುದನ್ನೂ ಬಿಟ್ಟು, ಹಾಸ್ಟೆಲ್ ಕೋಣೆಯ ಬಾಗಿಲು ಹಾಕಿಕೊಂಡು ಕೂತು ‘ಆರು ತಿಂಗಳು ಮನೆಗೆ ಬರ್ತೀನಿ’ ಎಂದಾಗ ಮಾತ್ರ ಎಲ್ಲರಿಗೂ ವರ್ಷದ ಬೆಲೆ ನೆನಪಾಗುತ್ತದೆ. ವರ್ಷ ಹಾಳು! ಪುಣೆಯಲ್ಲಿ ‘ವರ್ಷ ವಾಯಾ ಗೆಲಂ’, ದೆಹಲಿಯಲ್ಲಿ ‘ಸಾಲ್ ಬರ್ಬಾದ್’. ಕನ್ನಡದ ಮನೆಗಳು ಯಾವ ಊರಿಗೆ ಹೋಗಿ ನೆಲೆಸಿದರೂ ಈ ಮಾತು ಅಲ್ಲಿ ಮೊದಲೇ ಬಂದು ಕೂತಿರುತ್ತದೆ.

ಕಾಲೇಜಿನ ಭಾಷೆಯಲ್ಲಿ ಇಂಥ ರಜೆಗೆ ನೆಟ್ಟಗಿನ ಹೆಸರೂ ಇಲ್ಲ. ಡ್ರಾಪ್, ಗ್ಯಾಪ್, ಬ್ಯಾಕ್‌ಲಾಗ್, ಡಿಟೇನ್, ಡ್ರಾಪ್‌ಔಟ್: ಎಲ್ಲವೂ ಬಿದ್ದದ್ದರ, ಬಿಟ್ಟದ್ದರ, ಹಿಂದುಳಿದದ್ದರ ಪದಗಳು. ಕಾಮಾಲೆಯಾದರೆ ‘ಹುಷಾರಿಲ್ಲ’ ಅಂದರೆ ಸಾಕು. ಖಿನ್ನತೆಗೆ ಆ ಪದ ಸಾಲದು ಎಂದು ಯಾರು ತೀರ್ಮಾನಿಸಿದರೋ. ಹಾಗಾಗಿ ಎಷ್ಟೋ ಸಲ ಮನೋವೈದ್ಯರ ಬಳಿ ಔಷಧಿ ತೆಗೆದುಕೊಳ್ಳುತ್ತಿರುವ ವಿದ್ಯಾರ್ಥಿಯ ಅರ್ಜಿಯ ಜೊತೆ ಟೈಫಾಯ್ಡ್ ಎಂದು ಬರೆದ ಸರ್ಟಿಫಿಕೇಟ್ ಹೋಗುತ್ತದೆ. ಪರಿಚಯದ ಡಾಕ್ಟರು ಉಪಕಾರವೆಂದೇ ಬರೆದುಕೊಟ್ಟಿರುತ್ತಾರೆ. ಆದರೆ ಟೈಫಾಯ್ಡ್‌ಗೆ ಸಿಗುವುದು ಕೆಲವು ವಾರಗಳ ರಜೆ. ಅಷ್ಟು ಮುಗಿದ ಕೂಡಲೇ ಹುಡುಗ ಕ್ಲಾಸಿನಲ್ಲಿ ಕೂತಿರಬೇಕು, ಶೇಕಡಾ 75ರ ಹಾಜರಿ ತುಂಬಿಸಬೇಕು. ಸುಳ್ಳು ಕಾಯಿಲೆಯ ಅವಧಿಯಲ್ಲಿ ನಿಜವಾದ ಕಾಯಿಲೆ ವಾಸಿಯಾಗಬೇಕು! ವಾಪಸು ಬಂದ ಮೇಲೆ ಮಾತ್ರೆಯಿಂದ ಬೆಳಿಗ್ಗೆ ಏಳಲಾಗುತ್ತಿಲ್ಲ ಎಂದು ಹೇಳಿಕೊಳ್ಳುವ ದಾರಿಯನ್ನೂ ಆ ಕಾಗದವೇ ಮುಚ್ಚಿರುತ್ತದೆ.

ಕಾನೂನು ಇಷ್ಟು ಹಿಂದೆ ಇಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯ ವಿವರ ಗುಟ್ಟಾಗಿ ಉಳಿಯುವ ಹಕ್ಕು ಕೊಟ್ಟಿದೆ. ದೇಹದ ಕಾಯಿಲೆಗೂ ಮನಸ್ಸಿನ ಕಾಯಿಲೆಗೂ ವಿಮೆಯಲ್ಲಿ ಭೇದ ಮಾಡಬಾರದು ಎಂದಿದೆ. ಎನ್‌ಸಿಆರ್‌ಬಿ ಲೆಕ್ಕದ ಪ್ರಕಾರ 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು. ಸುಪ್ರೀಂ ಕೋರ್ಟ್ 2025ರ ಮಾರ್ಚ್‌ನಲ್ಲಿ ನಿವೃತ್ತ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ಅವರ ನೇತೃತ್ವದಲ್ಲಿ ಕಾರ್ಯಪಡೆ ರಚಿಸಿತು. ಅದೇ ಜುಲೈನಲ್ಲಿ, ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ಅರ್ಹ ಆಪ್ತಸಮಾಲೋಚಕರೊಬ್ಬರು ಇರಲೇಬೇಕು ಎಂದಿತು. 14416ಕ್ಕೆ ಕರೆ ಮಾಡಿದರೆ ಟೆಲಿ ಮನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು. ಚೆನ್ನೈಯ ಹಾಸ್ಟೆಲಿನಲ್ಲಿ ಇಂಗ್ಲಿಷಿನಲ್ಲೇ ದಿನ ದೂಡುವ ಹುಡುಗಿಗೆ ಇದು ಸಣ್ಣ ಸಂಗತಿಯಲ್ಲ.

ಆದರೂ ಹೊರಗೆ ಹೋಗುವ ಬಾಗಿಲಿನ ಬಗ್ಗೆ ಆಗಿರುವಷ್ಟು ಯೋಚನೆ ಮರಳಿ ಬರುವ ಬಾಗಿಲಿನ ಬಗ್ಗೆ ಆಗಿಲ್ಲ. 2020ರ ಶಿಕ್ಷಣ ನೀತಿ ನಡುವೆ ಬಿಟ್ಟು ಮತ್ತೆ ಸೇರುವ ಅವಕಾಶದ ಮಾತಾಡುತ್ತದೆ. ಗಳಿಸಿದ ಕ್ರೆಡಿಟ್ ಕೂಡಿಡಲು ಬ್ಯಾಂಕೂ ಇದೆ. ಅದು ವರ್ಷ ಮುಗಿಸಿ, ಸರ್ಟಿಫಿಕೇಟ್ ಹಿಡಿದು ಹೊರಡುವವರಿಗೆ ಹೊಂದುವ ವ್ಯವಸ್ಥೆ. ಅಕ್ಟೋಬರಿನಲ್ಲಿ, ಮೂರನೇ ಸೆಮಿಸ್ಟರಿನ ನಡುವೆ ಕುಸಿದವನ ಅರ್ಧ ಓದು ಯಾವ ಬ್ಯಾಂಕಿನಲ್ಲೂ ಜಮೆಯಾಗುವುದಿಲ್ಲ. ಬಹಳಷ್ಟು ಕಾಲೇಜುಗಳಲ್ಲಿ ಮೂರನೇ ಸೆಮಿಸ್ಟರಿನ ಪಾಠ ಮತ್ತೆ ನಡೆಯುವುದು ಮುಂದಿನ ವರ್ಷವೇ. ಹೀಗೆ ಕೇಳಿದ ಮೂರು ತಿಂಗಳು ತಾನಾಗಿ ಒಂದು ವರ್ಷವಾಗುತ್ತದೆ. ಅಷ್ಟರಲ್ಲಿ ಹಾಸ್ಟೆಲ್ ಕೋಣೆ ಬೇರೆಯವರ ಪಾಲಾಗಿರುತ್ತದೆ. ಕಟ್ಟಿದ ಫೀಸಿಗೆ ಉತ್ತರವಿಲ್ಲ, ಸ್ಕಾಲರ್‌ಶಿಪ್ ನವೀಕರಣ ತಪ್ಪಬಹುದು, ಬ್ಯಾಂಕಿಗೆ ಮೊದಲೇ ತಿಳಿಸದಿದ್ದರೆ ಸಾಲದ ಕಂತು ಹಳೆಯ ಲೆಕ್ಕದಲ್ಲೇ ಶುರುವಾಗಬಹುದು. ಕೊನೆಗೆ ಪ್ಲೇಸ್‌ಮೆಂಟ್ ಫಾರ್ಮಿನಲ್ಲಿ ‘ಗ್ಯಾಪ್ ಇದ್ದರೆ ಕಾರಣ’ ಎಂಬ ಕಾಲಂ.

ರಜೆಯೇ ಔಷಧಿಯಲ್ಲ. ಕೆಲವರನ್ನು ಹಿಡಿದು ನಿಲ್ಲಿಸಿರುವುದೇ ದಿನದ ಟೈಮ್‌ಟೇಬಲ್ಲು. ಅವರಿಗೆ ಎರಡು ಪೇಪರ್ ಕಡಿಮೆ ಮಾಡಿಕೊಟ್ಟರೆ ಸಾಕಾಗಬಹುದು. ಇದನ್ನು ಹೇಳಬೇಕಾದವರು ಚಿಕಿತ್ಸೆ ಕೊಡುವ ವೈದ್ಯರು ಮತ್ತು ವಿದ್ಯಾರ್ಥಿ, ವಾರ್ಡನ್ ಅಲ್ಲ. ಸಂಸ್ಥೆಗೆ ಕೆಟ್ಟ ಹೆಸರು ಬಾರದಿರಲಿ ಎಂದು ರಾತ್ರೋರಾತ್ರಿ ತಂದೆತಾಯಿಯನ್ನು ಕರೆಸಿ ಮಗುವನ್ನು ಬಸ್ಸು ಹತ್ತಿಸಿದರೆ ಅದು ಕೈತೊಳೆದುಕೊಳ್ಳುವುದಷ್ಟೇ.

ಹಾಗಾಗಿ ಕಾಲೇಜುಗಳಿಂದ ಕೇಳಬೇಕಾದದ್ದು ಅನುಕಂಪದ ಭಾಷಣವಲ್ಲ, ಒಂದು ಹಾಳೆ. ಹೊರಡುವ ದಿನವೇ ಸಹಿಯಾದ ಆ ಹಾಳೆಯಲ್ಲಿ ಯಾವ ತಾರೀಖಿಗೆ ಮರಳಬಹುದು, ಯಾವ ಪೇಪರ್ ಎಲ್ಲಿಂದ ಮುಂದುವರಿಯುತ್ತದೆ, ಕಟ್ಟಿದ ಫೀಸು ಏನಾಯಿತು, ಹಾಸ್ಟೆಲ್ ಯಾವಾಗ ಸಿಗುತ್ತದೆ, ಕಾಯಿಲೆಯ ಹೆಸರು ಯಾರ ಕಪಾಟಿನಲ್ಲಿ ಉಳಿಯುತ್ತದೆ ಎಂಬುದು ಬರೆದಿರಬೇಕು. ಎಲ್ಲರಿಗೂ ಮನೆ ವಿಶ್ರಾಂತಿಯ ಜಾಗವೂ ಅಲ್ಲ. ಹುಡುಗಿಯರು ಎಷ್ಟೇ ಬಳಲಿದರೂ ರಜೆ ಕೇಳಲು ಹಿಂಜರಿಯುವುದಕ್ಕೆ ಒಂದು ಕಾರಣ ಎಲ್ಲರಿಗೂ ಗೊತ್ತಿರುವಂಥದ್ದೇ: ಓದು ನಿಂತ ಮನೆಯಲ್ಲಿ ಎರಡನೇ ತಿಂಗಳಿಗೆ ಜಾತಕ ಹೊರಬರುತ್ತದೆ. ಮರಳುವ ತಾರೀಖು ಬರೆದ ಕಾಗದವೊಂದು ಬ್ಯಾಗಿನಲ್ಲಿದ್ದರೆ, ‘ಹೇಗೂ ಕಾಲೇಜು ಬಿಟ್ಟಾಯ್ತಲ್ಲ’ ಎಂದು ಚಿಕ್ಕಪ್ಪ ಮಾತು ತೆಗೆದಾಗ, ಬಿಟ್ಟಿಲ್ಲ ಎಂದು ತೋರಿಸಲು ಅವಳ ಕೈಯಲ್ಲಿ ಏನಾದರೂ ಇರುತ್ತದೆ.