ಎಷ್ಟಕ್ಕೆ ಎನ್ನುವ ಮೊದಲು ಏತಕ್ಕೆ

ಕಡತಗಳ ನಡುವೆ ದಿನ ಕಳೆಯುವ ನಮ್ಮ ಮುಂದೆ ಒಮ್ಮೆ ಪ್ರಯೋಗಾಲಯವೊಂದರ ಖರೀದಿ ಪ್ರಸ್ತಾವ ಬಂದಿತ್ತು. ಕೇಳಿದ್ದು ಪುನಃಸಂಯೋಜಿತ ಮಾನವ ಇನ್ಸುಲಿನ್. ‘ಔಷಧದಂಗಡಿಯಲ್ಲಿ ಇದೇ ವಸ್ತು ಅಗ್ಗವಾಗಿ ದೊರೆಯುವಾಗ ಈ ಬೆಲೆ ಏಕೆ?’ ಎಂಬ ಟಿಪ್ಪಣಿಯೊಡನೆ ನಾವು ಅದನ್ನು ಹಿಂದಿರುಗಿಸಿದೆವು. ಕಡತ ಮರಳಿ ಬರಲು ವಾರಗಳೇ ಹಿಡಿದವು. ನಿಯಮದ ದೃಷ್ಟಿಯಿಂದ ನಮ್ಮ ಪ್ರಶ್ನೆ ಸರಿಯಾಗಿಯೇ ಇತ್ತು. ಆದರೆ ತಿಳಿವಳಿಕೆಯಲ್ಲಿ ಅರೆಬೆಂದದ್ದಾಗಿತ್ತು.

ಮುಂಬಯಿಯ ಮನೆಗಳಲ್ಲಿ ಇನ್ಸುಲಿನ್ ಎಂದರೆ ಫ್ರಿಜ್ಜಿನ ಬಾಗಿಲಲ್ಲಿರುವ ಸಕ್ಕರೆ ಕಾಯಿಲೆಯ ಮದ್ದು. ಪರೇಲಿನ, ಖಾರ್ಘರಿನ ಸಂಶೋಧನಾಲಯಗಳಂಥ ಕಡೆ ಅದಕ್ಕೆ ಬೇರೊಂದು ಕಾಯಕವೂ ಉಂಟು. ದೇಹದಿಂದ ಹೊರತೆಗೆದ ಜೀವಕೋಶ ಗಾಜಿನ ತಟ್ಟೆಯಲ್ಲಿ ಬರಿಯ ಆಹಾರದಿಂದ ಬೆಳೆಯದು. ‘ಉಣ್ಣು, ಬೆಳೆ’ ಎಂಬ ಸಂದೇಶವೂ ಅದಕ್ಕೆ ಬೇಕು. ಇನ್ಸುಲಿನ್ ಆ ಸಂದೇಶವನ್ನು ತಲುಪಿಸುತ್ತದೆ. 1921ರಲ್ಲಿ ಟೊರೊಂಟೊದಲ್ಲಿ ಅದು ದೊರೆತ ಮೂರೇ ವರ್ಷಗಳಲ್ಲಿ, ಅಂದರೆ 1924ರಲ್ಲಿ, ಜಾರ್ಜ್ ಗೇ ಮತ್ತು ಥಾಲ್ಹಿಮರ್ ಅದನ್ನು ಅಂಗಾಂಶ ಕೃಷಿಯಲ್ಲಿ ಬಳಸಿ ನೋಡಿದ್ದರು. ಸ್ತನ ಕ್ಯಾನ್ಸರಿನ ಅಧ್ಯಯನದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಎಂಸಿಎಫ್-7 ಕೋಶಗಳಿಗೆ ಇಂದಿಗೂ ಮಿಲಿಲೀಟರಿಗೆ 10 ಮೈಕ್ರೋಗ್ರಾಂನಷ್ಟು ಇನ್ಸುಲಿನ್ ಬೆರೆಸುವ ವಾಡಿಕೆಯಿದೆ.

ಹಿಂದೆ ಅದು ದನ, ಹಂದಿಗಳ ಮೇದೋಜೀರಕ ಗ್ರಂಥಿಯಿಂದ ಬರುತ್ತಿತ್ತು. 1978ರಲ್ಲಿ ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು ಬ್ಯಾಕ್ಟೀರಿಯಾದ ಒಡಲಲ್ಲಿ ಮಾನವ ಇನ್ಸುಲಿನ್ ತಯಾರಿಸಿದರು. 1982ರಲ್ಲಿ ಅದು ಅಮೆರಿಕದಲ್ಲಿ ಔಷಧವಾಗಿ ಮನ್ನಣೆ ಪಡೆಯಿತು. 2003ರಲ್ಲಿ ನಾವು ದುಡಿಯುವ ಮುಂಬಯಿಯ ವೊಕಾರ್ಡ್, 2004ರಲ್ಲಿ ತವರು ಬೆಂಗಳೂರಿನ ಬಯೋಕಾನ್ ತಮ್ಮ ಇನ್ಸುಲಿನ್ ಅನ್ನು ಮಾರುಕಟ್ಟೆಗೆ ತಂದವು. ಬಯೋಕಾನ್ ಅದನ್ನು ಪಡೆದದ್ದು ಪಿಕಿಯಾ ಎಂಬ ಯೀಸ್ಟಿನಿಂದ.

ಇನ್ನು ಲೆಕ್ಕಕ್ಕೆ ಬರೋಣ. ಮಿಲಿಲೀಟರಿಗೆ 40 ಯೂನಿಟ್ಟಿನ, 10 ಮಿಲಿಲೀಟರಿನ ಔಷಧದ ಸೀಸೆಯಲ್ಲಿ ಸುಮಾರು 14 ಮಿಲಿಗ್ರಾಂ ಇನ್ಸುಲಿನ್ ಇರುತ್ತದೆ. ಮೇಲೆ ಹೇಳಿದ ಪ್ರಮಾಣದಲ್ಲಿ ಸುಮಾರು 1.4 ಲೀಟರ್ ಪೋಷಕ ದ್ರಾವಣಕ್ಕೆ ಅದು ಸಾಕು. ಹಾಗಾಗಿ ನಮ್ಮ ಪ್ರಶ್ನೆ ಸಹಜವೆಂದೇ ತೋರುತ್ತದೆ. ಆದರೆ ಆ ಸೀಸೆಯಲ್ಲಿ ಇನ್ಸುಲಿನ್ ಒಂದೇ ಇರುವುದಿಲ್ಲ. ಮತ್ತೆ ಮತ್ತೆ ಸೂಜಿ ಚುಚ್ಚುವ ಸೀಸೆಯಲ್ಲಿ ರೋಗಾಣು ಬೆಳೆಯದಂತೆ ಮೆಟಾಕ್ರೆಸಾಲ್‌ನಂಥ ರಕ್ಷಕವನ್ನೂ ಸೇರಿಸಿರುತ್ತಾರೆ. ರೋಗಿಗೆ ಅದು ಕಾವಲುಗಾರ. ಪ್ರಯೋಗಕ್ಕೆ ಕರೆಯದೆ ಬಂದ ಅತಿಥಿ. ಕೋಶಗಳಲ್ಲಿ ಕಂಡ ಬದಲಾವಣೆ ಇನ್ಸುಲಿನ್ನಿನದೋ ಅತಿಥಿಯದೋ ಎಂಬ ಶಂಕೆ ಹುಟ್ಟಿದರೆ ತಿಂಗಳುಗಳ ದುಡಿಮೆ ನೀರಿನಲ್ಲಿ ಹೋಮ. ತಕ್ಕ ಎಚ್ಚರದೊಡನೆ ಔಷಧದ ಸೀಸೆಯನ್ನೇ ಬಳಸುವೆನೆಂದು ಸಂಶೋಧಕರು ತೀರ್ಮಾನಿಸಬಹುದು. ಆ ತೀರ್ಮಾನ ಅವರದಾಗಬೇಕೇ ಹೊರತು ನಮ್ಮ ಬೆಲೆಪಟ್ಟಿಯದಲ್ಲ.

ಸಾರ್ವಜನಿಕರ ಹಣದ ಬಗ್ಗೆ ಪ್ರಶ್ನೆ ಕೇಳಲೇಬೇಕು. ಅದು ನಮ್ಮ ಕರ್ತವ್ಯ. ಕಡಿಮೆ ಬೆಲೆಯ ಹೋಲಿಕೆಗೆ ಅರ್ಥ ಬರುವುದು ಮಾತ್ರ ಹೋಲಿಸುವ ವಸ್ತುಗಳು ಒಂದೇ ಆಗಿದ್ದಾಗ; ಹೆಸರು ಒಂದಾದರೆ ಸಾಲದು. ವಿಜ್ಞಾನಿಗಳು ತಮ್ಮ ಅಗತ್ಯವನ್ನು ನಾಲ್ಕು ಸರಳ ವಾಕ್ಯಗಳಲ್ಲಿ ವಿವರಿಸಲಿ. ಇಂಗ್ಲಿಷ್ ಸಾಹಿತ್ಯ ಓದಿ ಕಡತಕ್ಕೆ ಬಂದ ನಮ್ಮಂಥವರು ಒಂದು ಪದ್ಯಕ್ಕೆ ಕೊಡುವಷ್ಟು ಗಮನವನ್ನು ಆ ವಾಕ್ಯಗಳಿಗೂ ಕೊಡೋಣ. ಈಗ ಅಂಥ ಕಡತ ಬಂದಾಗ ‘ಎಷ್ಟಕ್ಕೆ’ ಎಂದು ಬರೆಯುವ ಮೊದಲು ‘ಏತಕ್ಕೆ’ ಎಂದು ದೂರವಾಣಿಯಲ್ಲಿ ಕೇಳುತ್ತೇವೆ. ಉತ್ತರಕ್ಕೆ ಹತ್ತು ನಿಮಿಷ ಸಾಕಾಗುತ್ತದೆ.