ಮರದಡಿಯ ಸಸಿ

ಮರದ ನೆರಳಿನಲ್ಲಿ ತಾನಾಗಿ ಮೊಳೆತ ಸಸಿಯನ್ನು ಕಂಡಾಗ, ‘ಬಿಸಿಲಿನ ಕಾಟವಿಲ್ಲ, ಇದು ಸುಖಿ’ ಎಂದುಕೊಳ್ಳುತ್ತೇವೆ. ನಿಜವೇ? ನೆರಳು ಮಣ್ಣಿನ ತೇವ ಬೇಗ ಆರದಂತೆ ಕಾಯುವುದೇನೋ ಹೌದು. ಆದರೆ ಆ ತೇವಕ್ಕಾಗಿ ದೊಡ್ಡ ಮರದ ಬೇರುಗಳೂ ಅಲ್ಲಿಯೇ ಕಾದಿರುತ್ತವೆ.

ಸಸಿಗೆ ಬೆಳಕೇ ಸಂಪಾದನೆ. ಬೆಳಕು ಸಾಲದಾದಾಗ ಅದು ತನ್ನ ಗಳಿಕೆಯನ್ನು ಎಲೆಗಳಿಗೆ ತೊಡಗಿಸಬೇಕು. ನೀರು ಸಾಲದಾದಾಗ ಬೇರುಗಳಿಗೆ. ಒಂದೇ ಹಣವನ್ನು ಎರಡು ಕಡೆ ವೆಚ್ಚ ಮಾಡುವುದೆಂತು? ಆದುದರಿಂದ ಕತ್ತಲನ್ನೂ ಬರವನ್ನೂ ಒಂದೇ ಗಿಡ ಚೆನ್ನಾಗಿ ತಾಳಲಾರದೆಂದು 1989ರಲ್ಲಿ ಸ್ಮಿತ್ ಮತ್ತು ಹಸ್ಟನ್ ಎಂಬ ವಿಜ್ಞಾನಿಗಳು ವಾದಿಸಿದರು.

2002ರಲ್ಲಿ ಸ್ಯಾಕ್ ಮತ್ತು ಗ್ರಬ್ ಎಂಬವರು, ನೆರಳಿಗೆ ಒಗ್ಗಿದ ಕೆಲವು ಕಾಷ್ಠಸಸ್ಯಗಳ ಸಸಿಗಳನ್ನು ಪರೀಕ್ಷಿಸಿದಾಗ ಬೇರೊಂದು ಸಂಗತಿ ತಿಳಿಯಿತು. ಹೆಚ್ಚು ಬೆಳಕಿನಲ್ಲಿ ನೀರಿನ ಕೊರತೆಯು ಬೆಳವಣಿಗೆಯ ಎಷ್ಟು ಪಾಲನ್ನು ಕಸಿಯಿತೋ, ಗಾಢ ನೆರಳಿನಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಪಾಲನ್ನು ಕಸಿಯಿತು. ಅಂದರೆ ನೆರಳು ಬರದ ಪೆಟ್ಟನ್ನು ಹೆಚ್ಚಿಸಲೂ ಇಲ್ಲ, ತಗ್ಗಿಸಲೂ ಇಲ್ಲ.

ಆದರೂ ಸಿರಿವಂತನು ಕಳೆದುಕೊಂಡ ಅರ್ಧಕ್ಕೂ ಬಡವನು ಕಳೆದುಕೊಂಡ ಅರ್ಧಕ್ಕೂ ಅಂತರವಿಲ್ಲವೇ? ಬೇಸಗೆಯಲ್ಲಿ ನೀರೆರೆಯುವಾಗ, ‘ತಂಪಿನಲ್ಲಿದೆಯಲ್ಲ’ ಎಂದು ಮೂಲೆಯ ಸಸಿಯನ್ನು ಮರೆಯದಿರೋಣ.