ಟೇಪು ಅಂಟಿಸುವುದೂ ವಿಜ್ಞಾನವೇ!

ವಿಜ್ಞಾನ ಮೇಳ ಹತ್ತಿರ ಬಂತೆಂದರೆ ಎಲ್ಲೆಲ್ಲೂ 'ಜ್ವರ ಅಳೆಯುವ ಯಂತ್ರ'ಗಳು ತಯಾರಾಗುತ್ತವೆ. ಒಂದು ಆರ್ಡ್ವಿನೋ ಬೋರ್ಡು, ಮೂರು ಕಾಲಿನ ಎಲ್ಎಂ 35 ಸೆನ್ಸರು, ಮಿನುಗುವ ಡಿಸ್‌ಪ್ಲೇ. ಸೆನ್ಸರನ್ನು ಬೆರಳಿಗೆ ಒತ್ತಿದರೆ ಏನೋ ಒಂದು ಅಂಕಿ ಬರುತ್ತದೆ. ನೋಡಿದವರು ಭೇಷ್ ಎನ್ನುತ್ತಾರೆ. ಅದು ಯಾವುದರ ಉಷ್ಣತೆ ಎಂದು ಮಾತ್ರ ಯಾರೂ ಕೇಳುವುದಿಲ್ಲ!

ನಾವು ಕೇಳುತ್ತೇವೆ. ದೇಹದ ಒಳಗೆ ಸುಮಾರು 37 ಡಿಗ್ರಿ ಇರುತ್ತದೆ, ಆದರೆ ಚರ್ಮದ ಮೇಲೆ ಸಾಮಾನ್ಯವಾಗಿ 33ರ ಆಸುಪಾಸು. ಬೆರಳ ತುದಿಯಲ್ಲಿ ಇನ್ನೂ ಕಡಿಮೆ ಇರಬಹುದು. ಅಂದಮೇಲೆ ಇದು ಜ್ವರದ ಅಳತೆ ಆಗುವುದು ಹೇಗೆ? ಅದೂ ಇರಲಿ. ಎಲ್ಎಂ 35ರ ಮೈ ಪ್ಲಾಸ್ಟಿಕ್, ಕಾಲುಗಳು ಲೋಹ. ಒಳಗಿನ ಚಿಪ್ಪಿಗೆ ಶಾಖ ಹರಿಯುವುದು ಹೆಚ್ಚಾಗಿ ಆ ಕಾಲುಗಳ ಮೂಲಕವೇ. ಮೈ ಚರ್ಮಕ್ಕೆ ತಾಗಿ, ಕಾಲುಗಳು ಗಾಳಿಯಲ್ಲಿ ನಿಂತರೆ ಪರದೆಯಲ್ಲಿ ಕಾಣುವುದು ಚರ್ಮಕ್ಕೂ ಗಾಳಿಗೂ ನಡುವಿನ ಯಾವುದೋ ಅಂಕಿ.

ಇದಕ್ಕೆ ದೊಡ್ಡ ಖರ್ಚಿಲ್ಲ. ಸಣ್ಣ ಮಣಿಯಂಥ ಥರ್ಮಿಸ್ಟರು, ತೆಳುವಾದ ವಯರು ಸಾಕು. ಬೆವರು ತಾಗದಂತೆ ತೆರೆದ ತುದಿಗಳಿಗೆ ಸ್ಲೀವು ಹಾಕಿ. ಮುಂಗೈಯ ಒಳಬದಿ ಒರೆಸಿ, ಮಣಿಯನ್ನೂ ಅದರ ಹಿಂದಿನ ನಾಲ್ಕೈದು ಸೆಂಟಿಮೀಟರ್ ವಯರನ್ನೂ ಚರ್ಮಕ್ಕೆ ಮಲಗಿಸಿ, ಮೆಡಿಕಲ್ ಶಾಪಿನ ಕಾಗದದ ಟೇಪು ಅಂಟಿಸಿ. ಬಿಗಿಯಾಗಿ ಸುತ್ತಬೇಡಿ, ರಕ್ತದ ಹರಿವು ಬದಲಾಗುತ್ತದೆ. ಹತ್ತಿ ಹೊದಿಸಬೇಡಿ, ಅಡಿಯ ಚರ್ಮವೇ ಬಿಸಿಯಾಗುತ್ತದೆ. ಅಂಕಿ ನಿಲ್ಲುವವರೆಗೆ ಕಾಯಿರಿ. ಮೈಗೆ ತಾಗುವ ಯಂತ್ರಕ್ಕೆ ಬ್ಯಾಟರಿಯೇ ಇರಲಿ, ಗೋಡೆಯ ಪ್ಲಗ್ಗು ಬೇಡವೇ ಬೇಡ. ಆಮೇಲೆ ಅದೇ ಜಾಗದಲ್ಲಿ ವಯರನ್ನು ಗಾಳಿಗೆ ಎತ್ತಿ ನಿಲ್ಲಿಸಿ ಇನ್ನೊಮ್ಮೆ ಅಳೆಯಿರಿ. ಎರಡು ಅಂಕಿಗಳ ವ್ಯತ್ಯಾಸವನ್ನು ಚಾರ್ಟಿನಲ್ಲಿ ಬರೆಯಿರಿ. ಪ್ರಾಜೆಕ್ಟು ಎಂದರೆ ಅದು!

"ಎಂಟನೇ ಕ್ಲಾಸಿನವರಿಗೆ ಇಷ್ಟೆಲ್ಲ ಯಾಕೆ ಮಾಸ್ತರೇ?" ಎನ್ನುವವರಿದ್ದಾರೆ. ಉಷ್ಣವಹನ ಎಂದು ಪಾಠ ಮಾಡಿ ಬಾಯಿಪಾಠ ಮಾಡಿಸುವವರು ನಾವೇ ಅಲ್ಲವೇ? ಬಿಸಿ ಸಾರಿನಲ್ಲಿಟ್ಟ ಸ್ಟೀಲು ಸೌಟಿನ ಹಿಡಿ ಕಾಯುವುದನ್ನು ಕಂಡ ಮಗುವಿಗೆ ಸೆನ್ಸರಿನ ಕಾಲು ಅರ್ಥವಾಗದೇ?

ಇನ್ನು ಕೆಲವರದ್ದು, "ಇಂಥದ್ದೆಲ್ಲ ಇಂಗ್ಲಿಷಿನಲ್ಲೇ ಆಗುವುದು" ಎಂಬ ರಾಗ. ಕೋಡನ್ನು ಎಲ್ಲಿಂದಲೋ ನಕಲು ಮಾಡಿಕೊಳ್ಳಬಹುದು. ಈ ಅಂಕಿ ಯಾಕೆ ಬಂತು ಎಂದು ವಿವರಿಸುವುದನ್ನು ನಕಲು ಮಾಡಲಾಗದು. ಅದಕ್ಕೆ ಮಗು ಯೋಚಿಸುವ ಭಾಷೆಯೇ ಬೇಕು. ಗಡಿಯಾಚೆಯ ಈ ಊರುಗಳಲ್ಲಿ ಹೆತ್ತವರು ಮಕ್ಕಳನ್ನು ಕನ್ನಡ ಮಾಧ್ಯಮದಿಂದ ಬಿಡಿಸುವುದು ಇಲ್ಲಿ ವಿಜ್ಞಾನ ಕಲಿಯಲಾಗದು ಎಂಬ ಭಯದಿಂದಲೂ ಹೌದು. ಆ ಭಯಕ್ಕೆ ಭಾಷಣ ಉತ್ತರವಲ್ಲ. "ವಯರು ಗಾಳಿಯಲ್ಲಿದ್ದರೆ ಶಾಖ ಸೋರುತ್ತದೆ ಸಾರ್" ಎಂದು ತೀರ್ಪುಗಾರರಿಗೆ ಕನ್ನಡದಲ್ಲಿ ಹೇಳುವ ನಮ್ಮ ಹುಡುಗಿಯೇ ಉತ್ತರ.

ತೀರ್ಪುಗಾರರೇ, ಈ ಸಲ ಡಿಸ್‌ಪ್ಲೇ ನೋಡುವ ಮೊದಲು ದಯವಿಟ್ಟು ಟೇಪು ನೋಡಿ.